ಪಕ್ಕದಲ್ಲಿ ಕುಳಿತವನ ಹಕ್ಕು

ನಮ್ಮ ಮೇಲೆ ಯಾರ ಯಾರ ಹಕ್ಕುಗಳಿವೆ ಎಂದು ಕೇಳಿದರೆ ಹೆಚ್ಚಿನವರು ಥಟ್ಟನೆ ಉತ್ತರ ಕೊಡುತ್ತಾರೆ. ತಂದೆತಾಯಿ, ಮಡದಿ ಮಕ್ಕಳು, ಬಂಧುಬಳಗ, ನೆರೆಹೊರೆ, ಅನಾಥರು, ಬಡವರು. ಇವರ ಹಕ್ಕುಗಳ ಕುರಿತು ಮಸೀದಿಯ ಪ್ರವಚನಗಳಲ್ಲಿ ಸಾಕಷ್ಟು ಕೇಳಿದ್ದೇವೆ. ಆದರೆ ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 36ನೆಯ ಸೂಕ್ತದಲ್ಲಿ, ಒಳಿತು ಮಾಡಬೇಕಾದವರ ಪಟ್ಟಿಯೊಳಗೆ ಇನ್ನೊಬ್ಬನೂ ಇದ್ದಾನೆ. ನೆರೆಯವನ ನಂತರ, ದಾರಿಹೋಕನಿಗಿಂತ ಮೊದಲು ಅವನ ಪ್ರಸ್ತಾಪ ಬರುತ್ತದೆ. ಅರಬಿಯಲ್ಲಿ ಅವನನ್ನು ‘ಸಾಹಿಬ್ ಬಿಲ್ ಜಂಬ್’ ಎಂದು ಕರೆಯಲಾಗಿದೆ. ಪಕ್ಕದಲ್ಲಿರುವ ಸಂಗಾತಿ ಎಂದು ಅದನ್ನು ಕನ್ನಡಕ್ಕೆ ತರಬಹುದು.

ಯಾರು ಈ ಸಂಗಾತಿ? ವ್ಯಾಖ್ಯಾನಕಾರರಲ್ಲಿ ಭಿನ್ನ ಅಭಿಪ್ರಾಯಗಳಿವೆ. ಕೆಲವರು ಬಾಳಸಂಗಾತಿ ಎಂದಿದ್ದಾರೆ, ಕೆಲವರು ಪ್ರಯಾಣದ ಜೊತೆಗಾರ ಎಂದಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಾಮಾ ಝಮಖ್ಶರಿಯವರು ಇದರ ವ್ಯಾಪ್ತಿಯನ್ನು ಇನ್ನೂ ಹಿಗ್ಗಿಸಿದರು. ಜೊತೆಗೆ ಓದುವವನು, ಕಸುಬಿನಲ್ಲಿ ಪಾಲುದಾರನಾದವನು, ಸಭೆಯಲ್ಲಿ ಅಥವಾ ಮಸೀದಿಯಲ್ಲಿ ಸ್ವಲ್ಪ ಹೊತ್ತು ಬಗಲಲ್ಲಿ ಕುಳಿತವನು, ಎಲ್ಲರೂ ಇದರಲ್ಲಿ ಸೇರುತ್ತಾರೆಂಬುದು ಅವರ ವಿವರಣೆಯ ಸಾರ. ಇಪ್ಪತ್ತನೆಯ ಶತಮಾನದಲ್ಲಿ ಮೌಲಾನಾ ಮೌದೂದಿಯವರು ಪೇಟೆಯ ದಾರಿಯಲ್ಲಿ ಜೊತೆಯಾದವನನ್ನೂ ಒಂದೇ ಅಂಗಡಿಯಲ್ಲಿ ಸಾಮಾನು ಕೊಳ್ಳುವಾಗ ಬದಿಯಲ್ಲಿ ಕುಳಿತವನನ್ನೂ ಇದರಲ್ಲಿ ಸೇರಿಸಿದರು. ಆಕಸ್ಮಿಕವಾಗಿ ಸಿಕ್ಕವನಿಗೂ ನಮ್ಮ ಮೇಲೆ ಹಕ್ಕಿದೆ ಎಂದಾಯಿತು. ಇದು ಕೇಳಲು ಚೆನ್ನಾಗಿದೆ. ಆದರೆ ಅರ್ಧ ಗಂಟೆಯ ಪರಿಚಯದವನಿಗೆ ನಾವು ಸಲ್ಲಿಸಬೇಕಾದುದಾದರೂ ಏನು?

ಓದುಗರೇ, ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಮ್ಮ ಕಡೆಯ ಒಬ್ಬ ಕಾಲೇಜು ವಿದ್ಯಾರ್ಥಿಯನ್ನು ಊಹಿಸಿಕೊಳ್ಳಿರಿ. ಅವನ ಮನೆ ಇಳಕಲ್ಲಿನಲ್ಲಿ, ಓದು ಬಾಗಲಕೋಟೆಯಲ್ಲಿ. ಶನಿವಾರ ಊರಿಗೆ ಹೊರಟವನು ಹುನಗುಂದದ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಾ ಹೋಟೆಲಿನಲ್ಲಿ ಕೂರುತ್ತಾನೆ. ರಜೆಯಲ್ಲಿ ಗೆಳೆಯರೊಂದಿಗೆ ಬಾದಾಮಿಗೆ ಹೋದರೆ ಅಗಸ್ತ್ಯ ತೀರ್ಥದಿಂದ ಹಿಂದಿರುಗುವಾಗ ಇನ್ನೊಂದು ಹೋಟೆಲು. ನಮ್ಮಲ್ಲಿ ಕಾಫಿಗಿಂತ ಚಹಾ ಕುಡಿಯುವವರೇ ಹೆಚ್ಚು. ಕಾಫಿ ಬೇಕೆಂದರೆ ಹೋಟೆಲಿನವನು ಒಮ್ಮೆ ಮುಖ ನೋಡುತ್ತಾನೆ. ಅದೇನೇ ಇರಲಿ, ಮೇಜು ಒಂದೇ, ಎದುರಿಗೆ ಕುಳಿತವನು ಅಪರಿಚಿತ. ಅವನು ಮಗ್ಗದ ಮುದುಕನಿರಬಹುದು, ಗ್ರಾನೈಟ್ ಕ್ವಾರಿಯ ಲಾರಿ ಚಾಲಕನಿರಬಹುದು, ಪರೀಕ್ಷೆಯಲ್ಲಿ ನಪಾಸಾದ ಇನ್ನೊಬ್ಬ ಹುಡುಗನಿರಬಹುದು. ಬಟ್ಟಲು ಬರಿದಾಗುವುದರೊಳಗೆ ಮಾತು ಆರಂಭವಾಗುತ್ತದೆ.

ಕಾಫಿಯ ಇತಿಹಾಸವೇ ಒಂದು ಅರ್ಥದಲ್ಲಿ ಇಂಥ ಮಾತಿನ ಇತಿಹಾಸ. ಹದಿನೈದನೆಯ ಶತಮಾನದಲ್ಲಿ ಯೆಮೆನಿನ ಸೂಫಿಗಳು ರಾತ್ರಿಯ ಆರಾಧನೆಯಲ್ಲಿ ನಿದ್ದೆ ಬಾರದಿರಲೆಂದು ಇದನ್ನು ಕುಡಿಯುತ್ತಿದ್ದರು. ಅಲ್ಲಿಂದ ಅದು ಮಕ್ಕಾ, ಕೈರೋ ನಗರಗಳಿಗೆ ಹಬ್ಬಿತು. 1511ರಲ್ಲಿ ಮಕ್ಕಾದ ಅಧಿಕಾರಿ ಖಾಯಿರ್ ಬೇಗ್ ರಾತ್ರಿ ದೀಪದ ಬೆಳಕಿನಲ್ಲಿ ಗುಂಪುಗೂಡಿ ಕಾಫಿ ಕುಡಿಯುತ್ತಿದ್ದವರನ್ನು ಕಂಡು ಗಾಬರಿಗೊಂಡನು. ವಿದ್ವಾಂಸರ ಸಭೆ ಕರೆದನು, ವೈದ್ಯರ ಸಾಕ್ಷ್ಯ ಪಡೆದನು, ಪಾನೀಯವನ್ನು ನಿಷೇಧಿಸಿ ಕಾಫಿಯನ್ನು ಬೀದಿಯಲ್ಲಿ ಸುಡಿಸಿದನು. ಆದರೆ ಕೈರೋದಿಂದ ಬಂದ ಆಜ್ಞೆಯು ಪಾನೀಯವನ್ನೇ ಹರಾಮೆಂದು ಒಪ್ಪಲಿಲ್ಲ, ಅನುಚಿತ ಕೂಟಗಳನ್ನು ಮಾತ್ರ ತಡೆಯಲು ಹೇಳಿತು. 1633ರಲ್ಲಿ ಇಸ್ತಾಂಬುಲಿನ ಸುಲ್ತಾನ ನಾಲ್ಕನೆಯ ಮುರಾದನೂ ಕಾಫಿ ಅಂಗಡಿಗಳನ್ನು ಮುಚ್ಚಿಸಿದನು. ಇವರನ್ನೆಲ್ಲ ಹೆದರಿಸಿದ್ದು ಕಾಫಿಗಿಂತ ಹೆಚ್ಚಾಗಿ ಅದರ ಸುತ್ತಲಿನ ಮಾತು. ಅದೇ ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಮೋಖಾದಿಂದ ಏಳು ಬೀಜಗಳನ್ನು ಚಿಕ್ಕಮಗಳೂರಿನ ಗಿರಿಗೆ ತಂದರೆಂದು ನಮ್ಮ ನಾಡಿನ ಪ್ರತೀತಿ. ಒಬ್ಬ ಫಕೀರನ ಹೆಸರು ಇಂದಿಗೂ ಆ ಬೆಟ್ಟಕ್ಕಿದೆ.

ಖಾಯಿರ್ ಬೇಗನನ್ನು ಸುಮ್ಮನೆ ನಗೆಪಾಟಲು ಮಾಡುವುದೂ ನ್ಯಾಯವಲ್ಲ. ಹೋಟೆಲಿನ ಮಾತು ಎಷ್ಟು ಬೇಗ ಗೀಬತ್ತಿಗೆ ಜಾರುತ್ತದೆಂದು ನಿಮಗೆ ತಿಳಿಯದುದೇನಲ್ಲ. ಒಂದು ಬಟ್ಟಲು ಮುಗಿಯುವುದರೊಳಗೆ ಊರಿನ ಮೂವರ ಮಾನ ಹರಾಜಾಗಿರುತ್ತದೆ. ಆದರೆ ಅದಕ್ಕೆ ಮದ್ದು ಅಂಗಡಿ ಮುಚ್ಚಿಸುವುದಲ್ಲ. ನಾಲಿಗೆ ಮನೆಗೂ ನಮ್ಮ ಜೊತೆಯಲ್ಲೇ ಬರುತ್ತದೆ.

ಬಾದಾಮಿಯ ಪ್ರಸ್ತಾಪ ಬಂತು. ಅಲ್ಲಿನ ಕೆರೆಯ ಮೇಲಿನ ಬಂಡೆಯಲ್ಲಿ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡ ಸಾಹಿತ್ಯ ಓದಿದವರಿಗೆಲ್ಲ ಇದು ಪರಿಚಿತ, ತ್ರಿಪದಿಯ ಅತಿ ಹಳೆಯ ಮಾದರಿ ಅದರಲ್ಲಿದೆ. ಒಳ್ಳೆಯವರಿಗೆ ಒಳ್ಳೆಯವನೂ ಮಧುರರಿಗೆ ಮಧುರನೂ ಪೀಡಿಸುವವರಿಗೆ ಭಯಂಕರನೂ ಆದ ವೀರನನ್ನು ಆ ಶಾಸನ ಹೊಗಳುತ್ತದೆ. ಗಂಡೆದೆಯ ನೀತಿ ಅದು. ನಮ್ಮಲ್ಲಿ ಬಹಳ ಜನ ಇಂದಿಗೂ ಆ ಅಳತೆಯಿಂದಲೇ ಬದುಕುತ್ತಾರೆ: ಕೊಟ್ಟವನಿಗೆ ಕೊಡು, ಬೈದವನಿಗೆ ಬೈ. ಈಗ ಆಲೋಚಿಸಿರಿ. ಹುನಗುಂದದ ಹೋಟೆಲಿನಲ್ಲಿ ಎದುರಿಗೆ ಕುಳಿತವನಿಗೆ ಈ ಅಳತೆಯನ್ನು ಹೇಗೆ ಹಚ್ಚುವಿರಿ? ಅವನು ನಿಮಗೆ ಇನ್ನೂ ಒಳಿತನ್ನೂ ಮಾಡಿಲ್ಲ, ಕೆಡುಕನ್ನೂ ಮಾಡಿಲ್ಲ. ನೀವು ಮಾಡಿದ ಉಪಕಾರಕ್ಕೆ ಪ್ರತಿಯಾಗಿ ಏನಾದರೂ ಕೊಡಲು ಅವನು ನಾಳೆ ನಿಮಗೆ ಸಿಗುವುದೂ ಇಲ್ಲ. ಬಂಧುವಿಗೆ ಮಾಡಿದ್ದು ಮದುವೆಯ ಮುಯ್ಯಿಯಾಗಿ ಹಿಂದಿರುಗುತ್ತದೆ, ನೆರೆಯವನಿಗೆ ಮಾಡಿದ್ದು ಕಷ್ಟಕಾಲದಲ್ಲಿ ಹಿಂದಿರುಗುತ್ತದೆ. ಪಕ್ಕದಲ್ಲಿ ಕುಳಿತವನ ಲೆಕ್ಕದಲ್ಲಿ ಜಮೆಯ ಕಡೆಗೆ ಏನೂ ಇಲ್ಲ. ನಮ್ಮ ಸೌಜನ್ಯ ವ್ಯಾಪಾರವೋ ಧರ್ಮವೋ ಎಂಬುದು ಅವನ ಎದುರಿಗೆ ಮಾತ್ರ ಗೊತ್ತಾಗುತ್ತದೆ. ಸೂಕ್ತವು ಅವನು ಒಳ್ಳೆಯವನಾಗಿರಬೇಕೆಂದಾಗಲಿ ನಮ್ಮವನಾಗಿರಬೇಕೆಂದಾಗಲಿ ಷರತ್ತು ಹಾಕಿಲ್ಲವೆಂಬುದನ್ನೂ ಗಮನಿಸಿರಿ.

ಅವನ ಮೊದಲ ಹಕ್ಕು ಆ ಮೇಜಿನಲ್ಲಿ ಕೂರುವ ಹಕ್ಕು. ಇದನ್ನು ಹೇಳಬೇಕೇ ಎಂದು ಕೇಳಬೇಡಿರಿ. ಸ್ವಾತಂತ್ರ್ಯಕ್ಕೆ ಮೊದಲು ಈ ದೇಶದ ರೈಲು ನಿಲ್ದಾಣಗಳಲ್ಲಿ ಹಿಂದೂ ಚಹಾ, ಮುಸ್ಲಿಮ್ ಚಹಾ ಬೇರೆ ಬೇರೆಯಾಗಿ ಮಾರಾಟವಾಗುತ್ತಿದ್ದವು. ಹಳ್ಳಿಯ ಹೋಟೆಲುಗಳಲ್ಲಿ ದಲಿತರಿಗೆ ಪ್ರತ್ಯೇಕ ಬಟ್ಟಲು, ಹೊರಗಿನ ಕಟ್ಟೆ, ಕುಡಿದ ಮೇಲೆ ತಾವೇ ತೊಳೆದಿಡುವ ಕಟ್ಟಳೆ ಇತ್ತು. 1955ರ ನಾಗರಿಕ ಹಕ್ಕುಗಳ ಕಾಯಿದೆ ಇದನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿದೆ. ಒಂದೇ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಮಾಝ್ ಮಾಡುವ ನಾವು ಮಸೀದಿಯಿಂದ ಹೊರಬಂದ ಮೇಲೆ ಯಾರ ಎದುರಿನ ಕುರ್ಚಿಯನ್ನು ಬಿಟ್ಟು ಬೇರೆ ಮೇಜಿಗೆ ಹೋಗುತ್ತೇವೆಂಬುದನ್ನು ನೋಡಿಕೊಳ್ಳಬೇಕು. ಇನ್ನು ಹೆಣ್ಣುಮಗಳೊಬ್ಬಳು ಬಸ್ಸಿನಲ್ಲೋ ನಿಲ್ದಾಣದಲ್ಲೋ ಪಕ್ಕದಲ್ಲಿದ್ದರೆ ಅವಳ ಹಕ್ಕು ಬೇರೆ ರೀತಿಯದು. ಅವಳನ್ನು ಮಾತನಾಡಿಸದೆ, ದಿಟ್ಟಿಸದೆ, ನೆಮ್ಮದಿಯಾಗಿ ಕೂರಲು ಬಿಡುವುದೇ ಅವಳಿಗೆ ಸಲ್ಲಬೇಕಾದ ಒಳಿತು.

ಮಾತಿನ ವಿಷಯಕ್ಕೆ ಬರೋಣ. ನಮ್ಮ ಕಡೆ ಮಾತು ಹೇಗೆ ಆರಂಭವಾಗುತ್ತದೆ? “ಯಾವೂರ್ರಿ ನಿಮ್ದು? ಯಾರ ಪೈಕಿ? ಅಡ್ಡಹೆಸರೇನ್ರಿ?” ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕಿತೆಂದರೆ ಜಾತಿ ತಿಳಿಯಿತು, ಅಲ್ಲಿಂದ ಮುಂದೆ ಎಷ್ಟು ನಗಬೇಕೆಂಬುದೂ ನಿರ್ಧಾರವಾಯಿತು. ಇಮಾಮ್ ಗಝಾಲಿಯವರು ‘ಇಹ್ಯಾ’ದಲ್ಲಿ ಸಂಗಾತಿಯ ಹಕ್ಕುಗಳನ್ನು ವಿವರಿಸುವಾಗ, ದಾರಿಯಲ್ಲಿ ಎದುರಾದವನನ್ನು ಎಲ್ಲಿಂದ ಬಂದೆ, ಎಲ್ಲಿಗೆ ಹೋಗುವೆ ಎಂದು ಕೂಡಾ ಕೆದಕಬಾರದೆನ್ನುತ್ತಾರೆ. ಹೇಳುವುದು ಅವನಿಗೆ ಭಾರವಾಗಬಹುದು, ಇಲ್ಲವೇ ಸುಳ್ಳು ಹೇಳುವಂತಾಗಬಹುದು ಎಂಬುದು ಅವರು ಕೊಡುವ ಕಾರಣ. ನಮ್ಮ ಕುತೂಹಲ ಇನ್ನೊಬ್ಬನನ್ನು ಸುಳ್ಳುಗಾರನನ್ನಾಗಿ ಮಾಡಬಹುದೆಂದು ನಮ್ಮಲ್ಲಿ ಎಷ್ಟು ಜನ ಯೋಚಿಸಿದ್ದೇವೆ? ಕೇಳಲೇಬೇಕೆಂದರೆ ಕೆಲಸದ ಬಗ್ಗೆ ಕೇಳಬಹುದು. ಇಳಕಲ್ಲಿನ ನೇಕಾರನನ್ನು ಸೆರಗಿನ ಬಗ್ಗೆ ಕೇಳಿ ನೋಡಿರಿ. ಒಡಲಿನ ಹಾಸು ನೂಲು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ‘ಟೋಪ ತೆಣಿ’ಯ ಬಗ್ಗೆ ಅವನು ಹೇಳತೊಡಗಿದರೆ ನಿಮ್ಮ ಕಾಫಿ ಆರಿಹೋಗುತ್ತದೆ.

ಇನ್ನೊಂದು ಮಾತು ನಮ್ಮ ಧರ್ಮನಿಷ್ಠ ಯುವಕರಿಗೆ. ಅಪರಿಚಿತನೊಬ್ಬ ಸಿಕ್ಕೊಡನೆ ಅವನಿಗೆ ಸಂದೇಶ ತಲಪಿಸಬೇಕೆಂಬ ಉತ್ಸಾಹ ನಿಮ್ಮಲ್ಲಿರುತ್ತದೆ. ಆ ಕಳಕಳಿ ಒಳ್ಳೆಯದೇ. ಆದರೆ ಅವನು ತನ್ನ ಮಗಳ ಕಾಯಿಲೆಯ ಬಗ್ಗೆ ಹೇಳುತ್ತಿರುವಾಗ ನೀವು ಒಳಗೊಳಗೇ ನಿಮ್ಮ ವಾದವನ್ನು ಹೊಂದಿಸಿಕೊಳ್ಳುತ್ತಿದ್ದರೆ, ನೀವು ಅವನ ಸಂಗಾತಿಯಲ್ಲ, ಬೇಟೆಗಾರ. ಬುತ್ತಿಯ ಹಿಂದೆ ಬಲೆಯಿದೆಯೆಂದು ಅವನಿಗೆ ಗೊತ್ತಾದ ದಿನ ನಿಮ್ಮ ಒಳ್ಳೆಯ ಮಾತೂ ಅವನಿಗೆ ಕಹಿಯಾಗುತ್ತದೆ. ಅವನು ಕೇಳಿದರೆ ನಿಮ್ಮ ವಿಶ್ವಾಸವನ್ನು ಮುಚ್ಚಿಡದೆ ಹೇಳಿರಿ. ಅವನ ವಿಶ್ವಾಸವನ್ನೂ ಅಷ್ಟೇ ಗಮನದಿಂದ ಕೇಳಿರಿ. ಇಳಕಲ್ಲಿನ ಮಹಾಂತ ಶಿವಯೋಗಿಗಳನ್ನು ನೆನೆಯಿರಿ. 2018ರಲ್ಲಿ ತೀರಿಕೊಂಡ ಅವರು ಜೋಳಿಗೆ ಹಿಡಿದು ಮನೆ ಮನೆಗೆ ಹೋಗಿ ಜನರ ಕುಡಿತ, ಬೀಡಿ, ತಂಬಾಕಿನ ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಹೆಂಡತಿಯ ಮುಂದೆ ಒಪ್ಪಿಕೊಳ್ಳದ ಚಟವನ್ನು ಎಷ್ಟೋ ಗಂಡಸರು ಆ ಜೋಳಿಗೆಯ ಮುಂದೆ ಒಪ್ಪಿಕೊಂಡರು.

ಜನರು ಅಪರಿಚಿತನ ಮುಂದೆ ಬಾಯಿ ಬಿಡುವುದು ಇದೇ ಕಾರಣಕ್ಕೆ. ಅವನು ನಾಳೆ ನಮ್ಮ ಓಣಿಯಲ್ಲಿ ಇರುವುದಿಲ್ಲ. ಬಾಗಲಕೋಟೆಯಲ್ಲಿ ಇದನ್ನು ಬೇರೆಲ್ಲಿಗಿಂತ ಹೆಚ್ಚಾಗಿ ಕಾಣಬಹುದು. ಆಲಮಟ್ಟಿ ಜಲಾಶಯದ 519.60 ಮೀಟರ್ ಮಟ್ಟದ ಹಿನ್ನೀರಿಗೆ ಹಳೆಯ ಊರಿನ ಓಣಿ ಓಣಿಗಳೇ ಹೋದವು. ತಲೆಮಾರುಗಳಿಂದ ಗೋಡೆಗೆ ಗೋಡೆ ಹಚ್ಚಿ ಬಾಳಿದವರು ನವನಗರದ ಬೇರೆ ಬೇರೆ ಸೆಕ್ಟರುಗಳಿಗೆ ಚದುರಿದರು. ಅಂಥ ಹಿರಿಯರೊಬ್ಬರು ಹೋಟೆಲಿನಲ್ಲಿ ನಿಮ್ಮಂಥ ಹುಡುಗನನ್ನು ಕೂರಿಸಿಕೊಂಡು ತಮ್ಮ ಮನೆಯ ಬಾಗಿಲು ಯಾವ ದಿಕ್ಕಿಗಿತ್ತೆಂದು ಹೇಳುತ್ತಿದ್ದರೆ, ಮೊಬೈಲು ಕೆಳಗಿಟ್ಟು ಕೇಳಿರಿ. ಪರಿಹಾರದ ಹಣ ಮಕ್ಕಳ ನಡುವೆ ಹೇಗೆ ಹಂಚಿಹೋಯಿತು ಎಂಬ ಮಾತೂ ಅದರೊಳಗೆ ಬಂದೀತು.

ಆ ಮಾತು ಅಮಾನತ್. ಒಬ್ಬನು ಏನನ್ನೋ ಹೇಳಿ ಆಚೀಚೆ ಹೊರಳಿ ನೋಡಿದರೆ ಸಾಕು, ಯಾರಿಗೂ ಹೇಳಬೇಡವೆಂದು ಬಾಯಿಬಿಟ್ಟು ಕೇಳದಿದ್ದರೂ ಅದು ಅಮಾನತ್ತೇ ಎಂಬ ಅರ್ಥದ ಪ್ರವಾದಿ(ಸ) ವಚನ ಅಬೂದಾವೂದ್ ಮತ್ತು ತಿರ್ಮಿದಿಯವರ ಸಂಗ್ರಹಗಳಲ್ಲಿದೆ. ಎಷ್ಟು ಸೂಕ್ಷ್ಮ ನೋಡಿರಿ! ಕತ್ತು ಹೊರಳಿದ್ದೇ ಕರಾರುಪತ್ರ. ಹೀಗಿರುವಾಗ, ಎದುರಿಗೆ ಕುಳಿತವನ ಮಾತನ್ನು ಅವನಿಗೆ ತಿಳಿಯದಂತೆ ಮೊಬೈಲಿನಲ್ಲಿ ಹಿಡಿದು ಸಾವಿರಾರು ಜನರಿಗೆ ಹಂಚುವುದನ್ನು ಏನೆಂದು ಕರೆಯಬೇಕು? ಹೊಗಳಿ ಹಂಚಿದೆವು, ಒಳ್ಳೆಯ ಉದ್ದೇಶವಿತ್ತು ಎನ್ನುವವರಿದ್ದಾರೆ. ಸೊತ್ತು ಅವನದು. ಒಳ್ಳೆಯ ಕೆಲಸಕ್ಕೆ ಖರ್ಚು ಮಾಡಿದೆನೆಂದ ಮಾತ್ರಕ್ಕೆ ಇಟ್ಟುಕೊಟ್ಟ ಹಣವನ್ನು ಮುಟ್ಟಿದವನು ನಿರ್ದೋಷಿಯಾಗುವುದಿಲ್ಲ.

ಹಾಗಾದರೆ ಈ ಅಮಾನತ್ತಿಗೆ ಮಿತಿಯೇ ಇಲ್ಲವೇ? ಇದೆ. ಒಬ್ಬನು ಇನ್ನೊಬ್ಬನ ಪ್ರಾಣಕ್ಕೆ, ಮಾನಕ್ಕೆ ಅಥವಾ ಸೊತ್ತಿಗೆ ಸಂಚು ಹೂಡುತ್ತಿದ್ದರೆ ಅಂಥ ಗುಟ್ಟನ್ನು ಕಾಯಬೇಕಾಗಿಲ್ಲವೆಂದು ವಿದ್ವಾಂಸರು ಹೇಳಿದ್ದಾರೆ. ಪ್ರಾಣ ಎಂಬಲ್ಲಿ ಹೇಳುವವನ ಸ್ವಂತ ಪ್ರಾಣವೂ ಸೇರುತ್ತದೆ, ಅದು ಕೂಡಾ ಅಲ್ಲಾಹನು ಅವನಿಗೆ ವಹಿಸಿದ ಅಮಾನತ್. ಸಾಲಕ್ಕೋ ಫಲಿತಾಂಶಕ್ಕೋ ಬೇಸತ್ತ ಹುಡುಗನೊಬ್ಬ ತಣ್ಣಗಾದ ಬಟ್ಟಲನ್ನು ತಿರುಗಿಸುತ್ತಾ, ಇನ್ನು ಬದುಕಿ ಏನು ಮಾಡಲಿ ಎಂದು ನಿಮ್ಮಲ್ಲಿ ಹೇಳಿದರೆ, ಯಾರಿಗೂ ಹೇಳಬೇಡಿ ಎಂದು ಕೈ ಹಿಡಿದರೆ, ಆ ಮಾತು ಕೊಡಬೇಡಿರಿ. ಪಾಪ ಪುಣ್ಯದ ಉಪನ್ಯಾಸಕ್ಕೂ ಅದು ಹೊತ್ತಲ್ಲ. ಅವನನ್ನು ಒಬ್ಬನನ್ನೇ ಬಿಟ್ಟು ಏಳಬೇಡಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಅವರು ಕನ್ನಡದಲ್ಲೇ ಮಾತನಾಡುತ್ತಾರೆ. ಅವನಿಂದಲೇ ಮನೆಯ ನಂಬರು ಕೇಳಿ ಪಡೆದು ಅವರಿಗೂ ತಿಳಿಸಿರಿ. ಅವರು ಬಂದು ಸೇರುವವರೆಗೆ ಅದೇ ಮೇಜಿನಲ್ಲಿ ಕುಳಿತಿದ್ದು, ಇನ್ನೆರಡು ಕಾಫಿ ತರಿಸಿ, ಇಳಕಲ್ಲಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಹೋಟೆಲಿನವನನ್ನು ವಿಚಾರಿಸಿಕೊಳ್ಳಿರಿ.