ಏನ್ ಕೆಲಸ ಮಾಡ್ತಾರೆ?

ಪಿಯುಸಿ ಮುಗಿಸಿದ ಹುಡುಗಿ ಬಿ.ಎ.ಗೆ ಸೇರಿ ಸಮಾಜಶಾಸ್ತ್ರ ಓದುತ್ತೇನೆ ಅಂದರೆ, ಅಪ್ಪ ಸುಮ್ಮನಿದ್ದರೂ ಚಿಕ್ಕಪ್ಪ ಬಿಡುವುದಿಲ್ಲ: 'ಅದನ್ನ ಓದಿ ಏನ್ ಕೆಲಸ ಸಿಗುತ್ತಮ್ಮಾ?' ಐಎಎಸ್‌ಗೆ ಅನುಕೂಲವಂತೆ ಎಂಬ ಸಿದ್ಧ ಉತ್ತರವೊಂದಿದೆ. ಐಚ್ಛಿಕ ವಿಷಯವಾಗಿ ತಲಾ 250 ಅಂಕಗಳ ಎರಡು ಪತ್ರಿಕೆ ಇರುವುದೂ ನಿಜ. ಆದರೆ ಆ ಪರೀಕ್ಷೆ ದಾಟುವವರು ಎಷ್ಟು ಮಂದಿ? ಮಿಕ್ಕವರ ಕೈಗೆ ಈ ಓದಿನಿಂದ ಏನು ಬಂತು?

ನನ್ನ ಮಟ್ಟಿಗೆ ಹೇಳುವುದಾದರೆ, ಪ್ರಶ್ನೆ ಕೇಳುವ ಕಸುಬು.

ಸಮೀಕ್ಷೆಯವರು ಜಗಲಿಯಲ್ಲಿ ಕೂತು ಯಜಮಾನನನ್ನು ಕೇಳುತ್ತಾರೆ: 'ನಿಮ್ಮ ಮನೆಯವರು ಏನ್ ಕೆಲಸ ಮಾಡ್ತಾರೆ?' 'ಏನಿಲ್ಲ ಸಾ, ಮನೇಲೇ ಇರ್ತಾಳೆ.' ಬರೆದುಕೊಂಡಾಯಿತು. ಆಕೆ ಅಷ್ಟು ಹೊತ್ತಿಗಾಗಲೇ ಎರಡು ಹಸುವಿನ ಹಾಲು ಕರೆದು ಡೇರಿಗೆ ಹಾಕಿ ಬಂದಿದ್ದಾಳೆ, ಈಗ ಹಿತ್ತಲಲ್ಲಿ ಹುಲ್ಲಿನ ಹೊರೆ ಇಳಿಸುತ್ತಿದ್ದಾಳೆ. ಗಂಡ ಸುಳ್ಳೇನೂ ಹೇಳಲಿಲ್ಲ. ಸಂಬಳ ಬಾರದ್ದು ಅವನ ಲೆಕ್ಕದಲ್ಲಿ ಕೆಲಸವಲ್ಲ, ಅಷ್ಟೆ. 1991ರ ಜನಗಣತಿಯ ಹೊತ್ತಿಗೆ ಆ ಪ್ರಶ್ನೆಗೇ ಒಂದು ಬಾಲ ಸೇರಿಸಬೇಕಾಯಿತು: ಹೊಲದಲ್ಲೋ ಮನೆಯ ಉದ್ಯಮದಲ್ಲೋ ಕೂಲಿಯಿಲ್ಲದೆ ದುಡಿಯುವುದೂ ಸೇರಿ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಇನ್ನೂ ಜಾಣತನ ತೋರಿಸಿತು. ನಿನ್ನೆ ಬೆಳಗಿನ ಜಾವ 4ರಿಂದ ಇವತ್ತು ಬೆಳಗಿನ ಜಾವ 4ರ ತನಕ ಅರ್ಧರ್ಧ ಗಂಟೆಗೆ ಏನೇನು ಮಾಡಿದಿರಿ, ಹೇಳಿ ಅಂದಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದವರನ್ನಷ್ಟೇ ಹಿಡಿದರೂ ಹೆಂಗಸರದು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರದು 97. ಗಂಡಸರಲ್ಲಿ ಕೈಹಾಕಿದವರೇ ಹೆಚ್ಚುಕಡಿಮೆ ನಾಲ್ಕರಲ್ಲೊಬ್ಬ!

ಕೇಳುವವನು ಎಲ್ಲಿ ಕೂತಿದ್ದಾನೆ ಎನ್ನುವುದೂ ಉತ್ತರವನ್ನು ತಿದ್ದುತ್ತದೆ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ರಾಂಪುರದಲ್ಲಿ (ಊರಿಗೆ ಅವರೇ ಇಟ್ಟ ಹೆಸರು ಅದು) ಉಳಿದದ್ದು ಊರ ಪಟೇಲರ ಎತ್ತಿನ ಮನೆಯಲ್ಲಿ. ತಮಗೆ ಕಂಡದ್ದು ಬಹುಪಾಲು ಮೇಲ್ಜಾತಿಯವರ ಕಣ್ಣಿನ ಊರು ಎಂದು 1976ರ ತಮ್ಮ ಪುಸ್ತಕದಲ್ಲಿ ಅವರೇ ಬರೆದುಕೊಂಡರು. ಅಷ್ಟು ದೊಡ್ಡ ವಿದ್ವಾಂಸರೇ ಹೀಗೆ ಹೇಳಿರುವಾಗ, ಅರ್ಧ ದಿನದ ಭೇಟಿಯಲ್ಲಿ ಊರನ್ನು ಅರೆದು ಕುಡಿದವರಂತೆ ವರದಿ ಬರೆಯುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಈ ಕಸುಬಿಗೆ ಗಿರಾಕಿ ಇಲ್ಲವೆನ್ನುವಂತಿಲ್ಲ. ಆರೋಗ್ಯ ಸಮೀಕ್ಷೆ, ಸ್ವಯಂಸೇವಾ ಸಂಸ್ಥೆ, ಪತ್ರಿಕೆ, ಕಂಪನಿಗಳ ಎಚ್‌ಆರ್, ಕೊನೆಗೆ ಮೊಬೈಲ್ ಆ್ಯಪ್ ಮಾಡುವ ಬೆಂಗಳೂರಿನ ಕಂಪನಿಗಳಿಗೂ ಬಳಕೆದಾರರ ಜತೆ ಕೂತು ಮಾತಾಡಿಸಬಲ್ಲವರು ಬೇಕು. ಮನೆಯ ಫೋನೆಲ್ಲ ಗಂಡನ ಹೆಸರಲ್ಲಿದ್ದರೆ ಒಟಿಪಿ ಯಾರಿಗೆ ಹೋಗುತ್ತದೆ ಎಂಬುದು ಎಂಜಿನಿಯರನಿಗೆ ಹೊಳೆಯದೆ ಹೋಗಬಹುದು. ಶುರುವಿನ ಸಂಬಳ ಮಾತ್ರ ಸಾಫ್ಟ್‌ವೇರಿನವರಷ್ಟು ಇರುವುದಿಲ್ಲ, ಅದನ್ನು ಮಕ್ಕಳಿಂದ ಮುಚ್ಚಿಡಬಾರದು. ಜತೆಗೆ ಒಂದಿಷ್ಟು ಸಂಖ್ಯಾಶಾಸ್ತ್ರವನ್ನೂ ಕಲಿಯದಿದ್ದರೆ ಕಷ್ಟ.

ಇನ್ನು ಕಾಲೇಜಿನ ವಿಚಾರ. ಊರು ಕೇರಿಗೆ ಕರೆದೊಯ್ದು ಕ್ಷೇತ್ರಕಾರ್ಯ ಮಾಡಿಸುತ್ತಾರೋ, ನೋಟ್ಸ್ ಬರೆಸಿ ಕಳಿಸುತ್ತಾರೋ ಎಂದು ಮೊದಲೇ ವಿಚಾರಿಸಿಕೊಳ್ಳಿ. ಪ್ರಾಂಶುಪಾಲರ ಕೊಠಡಿಯಲ್ಲಲ್ಲ, ಕ್ಯಾಂಟೀನಿನಲ್ಲಿ ಕೊನೆಯ ವರ್ಷದ ಹುಡುಗರನ್ನು.