ಒಬ್ಬನೇ ನಿಧಾನ ಆಗೋಕಾಗಲ್ಲ

ಭಾನುವಾರ ಸಂಜೆ ಫಾರ್ಮುಲಾ ಒನ್ ನೋಡ್ತಾ ಗೆಳೆಯನೊಬ್ಬ ಗೊಣಗಿದ: ‘ಇಂಜಿನ್ನಿಗೂ ರೂಲು, ಟೈರಿಗೂ ರೂಲು. ಸಾಯೋಕೂ ರೆಡಿಯಾಗಿ ಬಂದವನನ್ನ ತಡೆಯೋಕೆ ಇವರ‍್ಯಾರು ಮಾರಾಯಾ?’

ಮಾತು ಒರಟಾದರೂ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಡ್ರೈವರ್ ಏನು ಚಿಕ್ಕ ಮಗುವಲ್ಲ. ಅಪಾಯ ಗೊತ್ತಿದ್ದೇ ಹೆಲ್ಮೆಟ್ ಹಾಕ್ಕೊಂಡು ಕೂತಿದ್ದಾನೆ. ಅವನ ಜೀವ, ಅವನ ಇಷ್ಟ. ನಡುವೆ ಮೂಗು ತೂರಿಸೋಕೆ ನಾವ್ಯಾರು?

ನನಗೆ ಆಗೆಲ್ಲ 1986 ನೆನಪಾಗುತ್ತೆ. ವಿಶ್ವ ರ‍್ಯಾಲಿಯಲ್ಲಿ ಅದು ‘ಗ್ರೂಪ್ ಬಿ’ ಕಾರುಗಳ ಕಾಲ. 1982ರಲ್ಲಿ ಶುರುವಾದ ಈ ವರ್ಗದ ನಿಯಮಗಳು ತೀರಾ ಸಡಿಲ. ಕಂಪನಿ 200 ಕಾರು ತಯಾರಿಸಿದರೆ ಸಾಕು. ಟರ್ಬೊ ಶಕ್ತಿಗೆ ಲಂಗುಲಗಾಮಿಲ್ಲ. ನಾಲ್ಕೇ ವರ್ಷದಲ್ಲಿ ಕಾರುಗಳು ಹಗುರಾಗುತ್ತಾ ಹೋಗಿ, ಶಕ್ತಿ 500 ಹಾರ್ಸ್‌ಪವರ್ ಆಸುಪಾಸಿಗೆ ಏರಿತು. ಇವು ಓಡುತ್ತಿದ್ದದ್ದೋ ಹಳ್ಳಿ ರಸ್ತೆ, ಕಾಡುದಾರಿಗಳಲ್ಲಿ. ಕೈಚಾಚಿದರೆ ಕಾರು ಮುಟ್ಟುವಷ್ಟು ಹತ್ತಿರ ಜನ.

ಆ ಮಾರ್ಚಿನಲ್ಲಿ ಪೋರ್ಚುಗಲ್‌ನಲ್ಲಿ ಒಂದು ಫೋರ್ಡ್ ಆರ್‌ಎಸ್200 ಜನರ ಮೇಲೆ ನುಗ್ಗಿತು. ಮೂವರು ಸತ್ತರು, ಮೂವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ದೊಡ್ಡ ತಂಡಗಳ ಡ್ರೈವರುಗಳೆಲ್ಲ ಒಟ್ಟಾಗಿ ರ‍್ಯಾಲಿಯಿಂದ ಹಿಂದೆ ಸರಿದರು. ಅವರಲ್ಲಿ ಫಿನ್ಲೆಂಡಿನ ಹೆನ್ರಿ ಟೊಯ್ವೊನೆನ್ ಕೂಡ ಇದ್ದ. ಎರಡು ತಿಂಗಳು ತುಂಬುವ ಮೊದಲೇ, ಮೇ 2ರಂದು, ಕಾರ್ಸಿಕಾದಲ್ಲಿ ಅವನ ಲ್ಯಾನ್ಸಿಯಾ ರಸ್ತೆ ಬಿಟ್ಟು ಕೆಳಗುರುಳಿ ಹೊತ್ತಿಕೊಂಡಿತು. ಅವನೂ ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಕೂಡ ಅಲ್ಲೇ ತೀರಿಕೊಂಡರು. ಕೆಲವೇ ದಿನಗಳಲ್ಲಿ ತೀರ್ಮಾನ ಬಂತು: 1987ರಿಂದ ಗ್ರೂಪ್ ಬಿ ಇಲ್ಲ.

ಅಪಾಯ ಅಷ್ಟು ಚೆನ್ನಾಗಿ ಗೊತ್ತಿದ್ದವನು ಕಾರ್ಸಿಕಾದಲ್ಲಿ ನಿಧಾನ ಹೋಗಬಹುದಿತ್ತಲ್ಲ ಅಂತ ಕೇಳಬಹುದು. ಹೋಗಬಹುದಿತ್ತು, ಸೋಲ್ತಿದ್ದ. ಹೀಗೇ ಸೋಲ್ತಾ ಇದ್ದರೆ ಆ ಸೀಟಲ್ಲಿ ಇನ್ನೊಬ್ಬ ಬಂದು ಕೂರ‍್ತಿದ್ದ. ಕಂಪನಿಯ ಕತೆಯೂ ಅಷ್ಟೇ: ತಾನೊಂದೇ ಶಕ್ತಿ ಇಳಿಸಿದರೆ ಪಕ್ಕದವರು ಕಪ್ ಎತ್ಕೊಂಡು ಹೋಗ್ತಾರೆ. ಎಲ್ಲರಿಗೂ ಒಳಗೊಳಗೇ ನಿಧಾನ ಆಗೋ ಆಸೆ ಇರಬಹುದು, ಆದರೆ ಒಬ್ಬೊಬ್ಬರಾಗಿ ಯಾರಿಗೂ ಆಗೋದಿಲ್ಲ. ಅಂಥ ಕಡೆ ‘ಅವನಿಷ್ಟ’ ಅನ್ನೋ ಮಾತಿಗೆ ಎಷ್ಟು ತೂಕ?

ಒಬ್ಬನೇ ಬೆಟ್ಟ ಹತ್ತುವವನ ಜೀವ ಅವನಿಷ್ಟ ಅನ್ನೋಣ. ರೇಸಿನಲ್ಲಿ ಹಿಂದೆ ಅಟ್ಟಿಸ್ಕೊಂಡು ಬರೋನೊಬ್ಬ ಇರ‍್ತಾನೆ, ದುಡ್ಡು ಹಾಕಿದವನೊಬ್ಬ ಇರ‍್ತಾನೆ, ನೋಡೋಕೆ ನಾವಿರ‍್ತೀವಿ. ಎಲ್ಲರಿಗೂ ಒಟ್ಟಿಗೆ ಹಾಕಿದ ಮಿತಿ ಮಾತ್ರ ಅಲ್ಲಿ ಒಬ್ಬನಿಗೆ ಸೋಲದೆಯೂ ಬದುಕುವ ಅವಕಾಶ ಕೊಡುತ್ತೆ.

ಹಾಗಾದರೆ ಡ್ರೈವರುಗಳೇ ಬೇಡ ಅಂದ ನಿಯಮ? 2018ರಲ್ಲಿ ಫಾರ್ಮುಲಾ ಒನ್ ಕಾರಿಗೆ ತಲೆ ಕಾಯುವ ‘ಹೇಲೊ’ ಕಡ್ಡಾಯವಾಯ್ತು. ಅದನ್ನ ಇಷ್ಟಪಡದವರಲ್ಲಿ ರೊಮೈನ್ ಗ್ರೋಜಾನ್ ಒಬ್ಬ. 2020ರ ನವೆಂಬರಿನಲ್ಲಿ ಬಹ್ರೈನಿನಲ್ಲಿ ಅವನ ಕಾರು ತಡೆಗೋಡೆ ಸೀಳಿಕೊಂಡು ಹೋಗಿ ಬೆಂಕಿಯುಂಡೆಯಾಯ್ತು. ಸುಟ್ಟ ಕೈಗಳೊಂದಿಗೆ ಎದ್ದು ಬಂದವನು, ಹೇಲೊ ಇಲ್ಲದಿದ್ದರೆ ತಾನಿರ‍್ತಿರಲಿಲ್ಲ ಅಂತ ಒಪ್ಪಿಕೊಂಡ. ಅಷ್ಟಕ್ಕೇ ಎಲ್ಲ ನಿಯಮವೂ ಸರಿ ಅಂತಲ್ಲ. ತಪ್ಪು ಮಾಡಿದವನಿಗೆ ಇನ್ನೊಂದು ರೇಸ್ ಉಳಿಸುವ ನಿಯಮ ಒಳ್ಳೆಯದು. ತಪ್ಪು ಮಾಡುವ ಸಾಧ್ಯತೆಯನ್ನೇ ಅಳಿಸಿಹಾಕಿದರೆ ಆಟವೇ ಉಳಿಯಲ್ಲ. ಗೆರೆ ಎಲ್ಲಿ ಎಳೀಬೇಕು ಅಂತ ಪ್ರತಿ ಸಲವೂ ಜಗಳ ಆಡಲೇಬೇಕು.

ಇದನ್ನೆಲ್ಲ ಗೆಳೆಯನಿಗೆ ಹೇಳ್ತಿರುವಾಗ ಅವನ ಫೋನು ಟಿಣ್ ಅಂತು. ಆಫೀಸಿನ ಮೆಸೇಜು. ‘ಭಾನುವಾರ ಕಣೋ’ ಅಂದೆ. ‘ನಾನೊಬ್ಬನೇ ರಿಪ್ಲೈ ಮಾಡದಿದ್ರೆ ಚೆನ್ನಾಗಿರಲ್ಲ’ ಅಂದ. ರೇಸಿನ ಕೊನೇ ಎರಡು ಲ್ಯಾಪ್ ಅವನು ನೋಡಲೇ ಇಲ್ಲ.