ಕಾಯುವವನ ಧರ್ಮ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯು ಆರಂಭದ ಕಷ್ಟವನ್ನು ಹೇಳುವುದೇ ಹೊರತು, ಕಟ್ಟಿದುದನ್ನು ಕಾಯುವ ಕಷ್ಟವನ್ನು ಹೇಳುವುದಿಲ್ಲ. ಕಟ್ಟುವುದಕ್ಕೆ ಉತ್ಸಾಹವಿದ್ದರೆ ಸಾಗೀತು. ಕಾಯುವುದಕ್ಕೆ ವ್ರತವೇ ಬೇಕು. ಆ ವ್ರತವನ್ನು ಎಲ್ಲಿಯವರೆಗೆ ನಡೆಯಿಸಬೇಕು, ನಡೆಯಿಸಲಾರದಾಗ ಮಾಡತಕ್ಕುದೇನು ಎಂಬ ಹಳೆಯ ಪ್ರಶ್ನೆಯು ಈ ಕಾಲದ ಒಂದು ಕೆಲಸದಲ್ಲಿ ಬಹಳ ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತದೆ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬವರು ಲಿನಕ್ಸ್ ಕರ್ನಲನ್ನು ಬರೆಯಲಾರಂಭಿಸಿದರು. ಕಂಪ್ಯೂಟರಿನ ಸಕಲ ವ್ಯಾಪಾರಗಳನ್ನೂ ಆಳುವ ತಿರುಳಿಗೆ ಕರ್ನಲ್ ಎಂದು ಹೆಸರು. ಲಿನಕ್ಸಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಡಿಸ್ಕು, ಕೀಲಿಮಣೆ ಮುಂತಾದ ಸಾಧನಗಳ ನುಡಿ ಒಂದೊಂದಕ್ಕೂ ಬೇರೆಯಾದುದರಿಂದ, ಕರ್ನಲಿಗೂ ಅವಕ್ಕೂ ನಡುವೆ ದುಭಾಷಿಯಂತೆ ನಿಲ್ಲುವ ಬರಹವೊಂದು ಬೇಕಾಗುವುದು. ಅದೇ ಡ್ರೈವರ್. ಯಾವ ಡ್ರೈವರಿಗೆ ಯಾರು ಪಾಲಕರೆಂಬುದನ್ನು ಕರ್ನಲಿನೊಡನೆಯೇ ಇರುವ ಒಂದು ಪಟ್ಟಿಯಲ್ಲಿ ಬರೆದಿಡುತ್ತಾರೆ. ಪಾಲಕರಿಲ್ಲದುದರ ಮುಂದೆ ‘ಅನಾಥ’ ಎಂಬರ್ಥದ ಮಾತೇ ಬೀಳುವುದು.

ಸಾಧನವು ಒಮ್ಮೆ ತಯಾರಾದ ಮೇಲೆ ಬದಲಾಗುವುದಿಲ್ಲ. ಹಾಗಿರಲು ಅದರ ಡ್ರೈವರಿಗೆ ನಿತ್ಯದ ಆರೈಕೆ ಏತಕ್ಕೆ ಎಂಬ ಶಂಕೆ ಹುಟ್ಟುವುದು ಸಹಜ. ಸಾಧನ ನಿಂತಲ್ಲಿಯೇ ನಿಂತರೂ ಅದರ ಸುತ್ತಣ ಕರ್ನಲು ನಿಲ್ಲುವುದಿಲ್ಲ. ಹೊರಗಿನ ಪ್ರೋಗ್ರಾಮುಗಳು ಕೆಡದಂತೆ ನೋಡಿಕೊಳ್ಳಬೇಕೆಂಬ ನಿಯಮ ಅಲ್ಲಿ ಕಟ್ಟುನಿಟ್ಟಾಗಿ ಉಂಟು. ಒಳಗಿನ ಕಟ್ಟಡಕ್ಕೆ ಅಂಥ ಸ್ಥಿರತೆಯ ಮಾತನ್ನು ಯಾರೂ ಕೊಟ್ಟಿಲ್ಲ. ಒಳಗೆ ಒಂದು ತೊಲೆಯನ್ನು ಸರಿಸಿದರೆ ಅದನ್ನು ಆಶ್ರಯಿಸಿದ ಡ್ರೈವರುಗಳೆಲ್ಲವನ್ನೂ ತಿದ್ದಬೇಕು. ತಿದ್ದಿದುದು ಸರಿಯೋ ತಪ್ಪೋ ಎಂಬುದನ್ನು ನಿಶ್ಚಯವಾಗಿ ಹೇಳಬೇಕಾದರೆ ಸಾಧನವನ್ನೇ ಎದುರಿಗಿಟ್ಟು ನಡೆಯಿಸಿ ನೋಡಬೇಕು. ಆದಕಾರಣ ಪಾಲಕನಿಗೆ ಜ್ಞಾನವೊಂದೇ ಸಾಲದು, ಸಾಧನವೂ ಬಳಿಯಲ್ಲಿರಬೇಕು.

ಫ್ಲಾಪಿ ಡಿಸ್ಕಿನ ಡ್ರೈವರ್ ಇದಕ್ಕೆ ನಿದರ್ಶನ. ಅದು 1991ರಷ್ಟು ಹಳೆಯದು. ಮೊದಲು ಬರೆದವರು ಟೋರ್ವಾಲ್ಡ್ಸರೇ. ಕಾಲಕ್ರಮದಲ್ಲಿ ಫ್ಲಾಪಿಯು ಬಳಕೆ ತಪ್ಪಿತು. ಸೋನಿ ಕಂಪನಿಯು 2011ರಲ್ಲಿ ಜಪಾನಿನಲ್ಲಿ ಅದರ ಮಾರಾಟವನ್ನು ನಿಲ್ಲಿಸಿತು. 2019ರ ಜುಲೈನಲ್ಲಿ ಈ ಡ್ರೈವರಿನ ಕೆಲವು ದೋಷಗಳನ್ನು ತಿದ್ದಿದ ಸಂದರ್ಭದಲ್ಲಿ, ಪಾಲಕರ ಬಳಿ ಕೆಲಸಮಾಡುವ ಫ್ಲಾಪಿ ಯಂತ್ರವೇ ಉಳಿದಿಲ್ಲವೆಂಬುದು ತಿಳಿಯಿತು. ಟೋರ್ವಾಲ್ಡ್ಸರು ಡ್ರೈವರನ್ನು ಅನಾಥವೆಂದು ಪಟ್ಟಿಯಲ್ಲಿ ಬರೆದರು, ಆದರೆ ತೆಗೆದುಹಾಕಲಿಲ್ಲ. ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಕಲ್ಪಿಸಿ ನಡೆಯಿಸುವ ಏರ್ಪಾಡುಗಳಲ್ಲಿ ಹಳೆಯ ಫ್ಲಾಪಿಯ ಅನುಕರಣವು ಇನ್ನೂ ಇದ್ದುದೇ ಕಾರಣ. ಬಳಿಕ, ಆ ದೋಷಗಳನ್ನು ತಿದ್ದಿದವರೇ ಮುಂದೆ ಬಂದು ಪಾಲನೆಯನ್ನು ವಹಿಸಿಕೊಂಡರು.

ಇಲ್ಲಿ ಎರಡು ಧರ್ಮಗಳು ಎದುರೆದುರು ನಿಲ್ಲುತ್ತವೆ. ನಾಲ್ಕಾರು ಮಂದಿಯ ಹಳೆಯ ಯಂತ್ರಕ್ಕಾಗಿ ಎಲ್ಲರ ಶ್ರಮವನ್ನು ವ್ಯಯಿಸುವುದು ಅನ್ಯಾಯವೆಂದು ಒಂದು ಪಕ್ಷ. 2012ರ ಡಿಸೆಂಬರಿನಲ್ಲಿ 386 ಎಂಬ ಸಂಸ್ಕಾರಕದ ಆಸರೆಯನ್ನು ಕರ್ನಲಿನಿಂದ ತೆಗೆದುದು ಈ ನ್ಯಾಯದಿಂದಲೇ. ಲಿನಕ್ಸ್ ಹುಟ್ಟಿದುದು 386 ಯಂತ್ರದ ಮೇಲೆ. ಜನ್ಮಸ್ಥಾನವೆಂಬ ಮಮತೆಯೂ ಅದನ್ನು ಉಳಿಸಲಿಲ್ಲ. ಹೊಸ ಯಂತ್ರ ಕೊಳ್ಳಲಾರದವನು ನಂಬಿಕೊಂಡುದನ್ನು ಕಿತ್ತುಕೊಳ್ಳುವುದು ಕ್ರೌರ್ಯವೆಂದು ಮತ್ತೊಂದು ಪಕ್ಷ. ಎರಡರಲ್ಲಿಯೂ ಸತ್ಯಾಂಶವುಂಟು, ಯಾವುದು ಹೆಚ್ಚೆಂಬುದನ್ನು ಆಯಾ ಸಂದರ್ಭವೇ ತೀರ್ಮಾನಿಸಬೇಕು.

ಆದರೆ ಎರಡು ಪಕ್ಷಗಳಿಗೂ ಸಮಾನವಾದ ಕರ್ತವ್ಯವೊಂದಿದೆ; ಅದು ಸತ್ಯವನ್ನು ನುಡಿಯುವುದು. ಪಟ್ಟಿಯಲ್ಲಿರುವ ಹೆಸರು ಅಲಂಕಾರವಲ್ಲ, ಕೊಟ್ಟ ಮಾತು. ದೂರದಲ್ಲಿರುವವನೊಬ್ಬನು ಆ ಹೆಸರನ್ನು ನೋಡಿ, ತನ್ನ ಕಷ್ಟವನ್ನು ಕೇಳುವವರಿದ್ದಾರೆಂದು ಧೈರ್ಯಗೊಳ್ಳುವನು. ಪರೀಕ್ಷಿಸಲು ಯಂತ್ರವಿಲ್ಲದೆಯೂ, ಬಿಡುವಿಲ್ಲದೆಯೂ ಹೆಸರನ್ನು ಮಾತ್ರ ಉಳಿಸಿಕೊಳ್ಳುವವನು ಆ ನಂಬಿದವನನ್ನು ವಂಚಿಸುತ್ತಾನೆ. ಹೊರಬಲ್ಲ ಮತ್ತೊಬ್ಬನಿಗೆ ದಾರಿಯನ್ನೂ ಕಟ್ಟುತ್ತಾನೆ. ಅನಾಥವೆಂಬ ಮಾತು ಕೇಳುವುದಕ್ಕೆ ಕಠಿಣವಾದರೂ ಫ್ಲಾಪಿಯ ಡ್ರೈವರಿಗೆ ಹೊಸ ಆಶ್ರಯವನ್ನು ತಂದುಕೊಟ್ಟುದು ಆ ಮಾತಿನ ಪ್ರಾಮಾಣಿಕತೆಯೇ.

ಹೊರೆಯನ್ನು ನಟ್ಟಡವಿಯಲ್ಲಿ ಎಸೆದು ಓಡುವುದು ಒಂದು. ಊರ ಮುಂದೆ ಇಳುಹಿ, ಇದು ಇಲ್ಲಿದೆಯೆಂದು ಕೂಗಿ ಹೇಳುವುದು ಇನ್ನೊಂದು. ಮೊದಲನೆಯದು ಕರ್ತವ್ಯಲೋಪ, ಎರಡನೆಯದು ಕರ್ತವ್ಯದ ಕೊನೆಯ ಭಾಗ. ಕಾಯುವಷ್ಟು ಕಾಲ ಕಣ್ಣಿಟ್ಟು ಕಾಯುವುದೂ, ಕಾಯಲಾರದ ದಿನ ಹಾಗೆಂದು ನುಡಿದು ಬೀಗದಕೈಯನ್ನು ಎಲ್ಲರಿಗೂ ಕಾಣುವಂತೆ ಇಡುವುದೂ ಒಂದೇ ಧರ್ಮದ ಎರಡು ಮುಖಗಳು.